ಹೂಂಗುಟ್ಟಿದವನು

"ಅಕ್ಕ, ಹೋದ ವಾರ ನಿಮ್ ಜೊತೆ ಯಾರಾದ್ರೂ ಬಂದಿದ್ರಾ?"

ಅಮೃತ ಹಾಗೆ ಕೇಳಿದ್ದೇ ತಡ, ನಾಗಮಣಿಯ ಕಿವಿಯವರೆಗೂ ಬಿಸಿಯೇರಿತು. ಬಂದಿದ್ದ ನಿಜ. ಅವಳು ಕೆರಗೋಡಿನಿಂದ ಬಸ್ಸು ಹತ್ತಿದರೆ, ಅಂಬರೀಶ್ ಬಸ್ಸಿನ ಹಿಂದೆಯೇ ಸ್ಕೂಟರಿನಲ್ಲಿ ಬಂದು, ಮಂಡ್ಯದ ಗುತ್ತಲಿನಲ್ಲಿದ್ದ ಅಮೃತಳ ಈ ಮಹಡಿ ರೂಮಿನ ಕೆಳಗೆ ಬಿಸಿಲಲ್ಲಿ ನಿಂತಿದ್ದ. ಇವತ್ತೂ ನಿಂತಿದ್ದಾನೆ.

"ಅವ್ರು ನನ್ ಜೊತೆ ಬಂದಿಲ್ಲ ಕಣಮ್ಮ. ಅವ್ರಿಗೆ ಮಂಡ್ಯದಾಗೆ ಏನೋ ಕೆಲ್ಸ ಇತ್ತು."

ಯಾರು ಅಂತ ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಬೇರೆ ದಿನವಾಗಿದ್ದರೆ ಅಮೃತ ನಗುತ್ತಿದ್ದಳೋ ಏನೋ.

"ಕೆಳಗಲ್ಲ ಅಕ್ಕ," ಎಂದಳು. "ಈ ರೂಮಿನೊಳಗೆ."

ಅಮೃತ ಮಳವಳ್ಳಿಯ ಹುಡುಗಿ. ಸಂಗಾತಿಯನ್ನು ಕಳೆದುಕೊಂಡವರ ಪ್ರೀತಿ, ಕಾಮ, ಸಂಬಂಧಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮಾತಾಡಲು ಒಪ್ಪುವವರು ಬೇಕು, ಹೆಸರು ಗುಟ್ಟಾಗಿರುತ್ತದೆ ಎಂಬ ಅವಳ ಚೀಟಿ ಕೆರಗೋಡಿನ ಪಂಚಾಯ್ತಿ ಲೈಬ್ರರಿಯ ಬೋರ್ಡಿಗೂ ಬಂದಿತ್ತು. ಲೈಬ್ರರಿ ನೋಡಿಕೊಳ್ಳುವ ನಾಗಮಣಿ ಅದನ್ನು ಓದಿ, ಊರ ಗಂಡಸರ ಬಾಯಿಗೆ ಬಿದ್ದರೆ ಮುಗಿಯಿತು ಎಂದು ಸರಕ್ಕನೆ ಕಿತ್ತಳು. ಕಿತ್ತದ್ದನ್ನು ಎಸೆಯದೆ ರವಿಕೆಯೊಳಗೆ ಇಟ್ಟುಕೊಂಡಳು. ಗಂಡ ಸತ್ತು ಆರು ವರ್ಷ. ಹೇಳಿಕೊಳ್ಳುವುದು ಎದೆತುಂಬ ಇತ್ತು, ಕೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಹೋದ ವಾರ ಮೊದಲ ಸಲ ಬಂದು ಅಮೃತಳ ಮುಂದೆ ಕೂತಿದ್ದಳು.

ಹೇಳಿಕೊಳ್ಳಬೇಕಾಗಿದ್ದದ್ದು ಅಂಬರೀಶನ ವಿಷಯವೇ. ಅವನು ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ದಿನಾ ನಾಲ್ಕಕ್ಕೆ ಲೈಬ್ರರಿಗೆ ಬಂದು ಪೇಪರು ಹಿಡಿದರೆ ಒಂದೇ ಪುಟ, ಅರ್ಧ ಗಂಟೆ. ಪೇಪರಿನ ಮೇಲಂಚಿನಿಂದ ಎರಡು ಕಣ್ಣು ಏಳುತ್ತಿದ್ದವು, ಅವಳು ತಲೆಯೆತ್ತಿದರೆ ಮುಳುಗುತ್ತಿದ್ದವು. ಆ ಪುಟ ಇನ್ನೂ ಬಾಯಿಪಾಠ ಆಗಿಲ್ವಾ ಡಾಕ್ಟ್ರೆ ಎಂದು ಅವಳು ಒಮ್ಮೆ ಕೆಣಕಿದ್ದಳು. ಇನ್ನೊಂದು ವರ್ಷ ಓದಿದರೆ ಆಗಬಹುದು ಎಂದಿದ್ದ ಭೂಪ. ಅವನ ಮೀಸೆಯಲ್ಲಿ ನಗು ತಡೆದುಕೊಂಡಿದ್ದು ಅವಳಿಗೆ ಕಂಡಿತ್ತು, ಆ ದಿನವೆಲ್ಲ ಅದೇ ಕಾಣುತ್ತಿತ್ತು.

ಹೋದ ತಿಂಗಳು ಅವನು ಮದುವೆಯ ಮಾತು ನೇರವಾಗಿ ಕೇಳಿದ. ಅವಳು ಬಾಯಿ ಬಿಡಲಿಲ್ಲ. ಈಗ ಅವನ ಮನೆಯವರು ಭಾನುವಾರ ಮದ್ದೂರಿನಲ್ಲಿ ಹೆಣ್ಣು ನೋಡಲು ಹೊರಟಿದ್ದರು. ನಾಳೆಯೇ ಭಾನುವಾರ. ಅಷ್ಟರೊಳಗೆ ಹೂಂ ಅಂತಲೋ ಇಲ್ಲ ಅಂತಲೋ ಒಂದು ಮಾತು ಹೇಳಿಬಿಡಿ ಎಂದಿದ್ದ. ಅವನು ಬೇಕು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸತ್ತವರಿಗೆ ನೋವಾಗುತ್ತದೇನೋ ಎಂಬುದೊಂದೇ ಭಯ.

ಅಮೃತ ಲ್ಯಾಪ್‌ಟಾಪಿನಲ್ಲಿ ಹೋದ ವಾರದ ರೆಕಾರ್ಡಿಂಗ್ ಹಾಕಿದಳು. ಹಾಡುಹಗಲು, ಹೊರಗೆ ತರಕಾರಿಯವನ ಕೂಗು. ಒಳಗೆ ನಾಗಮಣಿಯದೇ ದನಿ, ತಾನು ಮದುವೆಯಾಗಿ ಬಂದ ಕತೆ ಹೇಳುತ್ತಿತ್ತು. ಒಂದು ಮಾತು ಮುಗಿಯಿತು.

ಹೂಂ.

ಗಂಡಸಿನ ದನಿ. ಮೂಗಿನಿಂದ ಬಂದದ್ದು, ಕೊನೆಯಲ್ಲಿ ಸ್ವಲ್ಪ ಎಳೆದದ್ದು.

ಇನ್ನೊಂದು ಮಾತು. ಹೂಂ. ಮತ್ತೊಂದು. ಹೂಂ.

ನಾಗಮಣಿಗೆ ಆ ದನಿಯ ಗುರುತು ಸಿಕ್ಕಿತು. ಹೂಂಗುಟ್ಟದವರಿಗೆ ಕತೆ ಹೇಳಬಾರದು ಅನ್ನುತ್ತಾರೆ. ಅವಳ ಗಂಡ ಸಿದ್ದರಾಮು ಹೂಂಗುಟ್ಟುವುದರಲ್ಲಿ ಎತ್ತಿದ ಕೈ. ಹೊಲದಿಂದ ಬಂದು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದವನು, ಅವಳ ದಿನದ ಕತೆಯ ಒಂದೊಂದು ಮಾತಿಗೂ ಹೂಂಗುಟ್ಟುತ್ತಿದ್ದ. ಅವಳು ಸುಳ್ಳು ಸೇರಿಸಿದರೆ ಮಾತ್ರ ಸುಮ್ಮನಾಗಿಬಿಡುತ್ತಿದ್ದ. ಆ ಮೌನದ ಮುಂದೆ ಕತೆ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ, ನಿಜ ಹೇಳಲೇಬೇಕಾಗುತ್ತಿತ್ತು. ಅವನ ದನಿ ಬೇರೆಲ್ಲೂ ಉಳಿದಿರಲಿಲ್ಲ, ಒಂದು ಫೋನಿನಲ್ಲೂ ಇರಲಿಲ್ಲ.

"ನಮ್ಮನೆಯವ್ರು," ಎಂದಳು, ಅಷ್ಟೇ.

ಅಮೃತ ರೆಕಾರ್ಡಿಂಗ್ ನಿಲ್ಲಿಸಿದಳು. ಅವತ್ತು ರೂಮಿನಲ್ಲಿ ತಾವಿಬ್ಬರೇ ಇದ್ದದ್ದು, ಮಷಿನ್ನು ಸರಿಯಾಗಿಯೇ ಇದೆ, ಬೇರೆ ಯಾರ ರೆಕಾರ್ಡಿಂಗಿನಲ್ಲೂ ಇದಿಲ್ಲ ಎಂದೆಲ್ಲ ಹೇಳಿದಳು. ಆಮೇಲೆ, ಮೂರು ಉತ್ತರಗಳ ಹಿಂದೆ ಮಾತ್ರ ಈ ದನಿ ಇಲ್ಲ ಎಂದು ಮೆಲ್ಲಗೆ ಸೇರಿಸಿದಳು.

ಯಾವ ಮೂರು ಎಂದು ನಾಗಮಣಿ ಕೇಳಲಿಲ್ಲ. ಮೂರಕ್ಕೂ ಅವಳು ಇಲ್ಲ ಎಂದು ಸುಳ್ಳು ಹೇಳಿದ್ದಳು. ಸೆರಗು ಬಿಗಿಯಾಗಿ ಹೊದ್ದು, ರೆಕಾರ್ಡರು ಮತ್ತೆ ಹಾಕು, ಅದೇ ಮೂರು ಕೇಳು ಎಂದಳು. ಅಮೃತ ತನ್ನ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು.

"ಯಾರಾದ್ರೂ ನಿಮ್ಮನ್ನ ಮುಟ್ಟಲಿ ಅಂತ ಅನ್ಸುತ್ತಾ?"

"ಅನ್ಸ್ತದೆ. ಮೈಯೇನು ಸತ್ತಿಲ್ವಲ್ಲ."

"ಮನಸ್ಸಲ್ಲಿ ಯಾರಾದ್ರೂ ಇದಾರಾ?"

"ಅವ್ರೆ. ಕೆಳಗೆ ಬಿಸ್ಲಲ್ಲಿ ಒಣಗ್ತಾ ನಿಂತವ್ರೆ."

"ಅವರ ಜೊತೆ ಬಾಳ್ಬೇಕು ಅಂತ ಇದೆಯಾ?"

ನಾಗಮಣಿ ಅಮೃತಳ ಕಡೆ ನೋಡಲಿಲ್ಲ. ಇಬ್ಬರ ನಡುವೆ ಖಾಲಿ ಬಿದ್ದಿದ್ದ ನೆಲವನ್ನು, ಗಂಡ ಅಲ್ಲೇ ಮಲಗಿರುವ ಹಾಗೆ, ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಐತೆ ಕಣ್ರೀ. ನಿಮ್ಮನ್ನ ಮರ್ತು ಅಲ್ಲ. ಆದ್ರೂ ಐತೆ."

ಅಮೃತ ರೆಕಾರ್ಡಿಂಗ್ ಹಿಂದಕ್ಕೆ ತಂದು ಹಾಕಿದಳು. ಮೊದಲ ಉತ್ತರ. ಹೂಂ. ಎರಡನೆಯದು. ಹೂಂ. ಮೂರನೆಯದು ಮುಗಿಯಿತು, ಏನೂ ಬರಲಿಲ್ಲ. ದೇವರೇ, ನೊಂದುಕೊಂಡರು, ನಾನೇ ನೋಯಿಸಿದೆ ಎಂದುಕೊಂಡಳು ನಾಗಮಣಿ.

ಆಗ ಬಂತು. ತೀರಾ ಸಣ್ಣಗೆ, ದೂರದಿಂದ. ಕತೆ ಮುಗಿದ ಮೇಲೆ ನಿದ್ದೆಗೆ ಜಾರುತ್ತ ಅವನು ಹೇಳುತ್ತಿದ್ದ ಹೂಂ ಅದು. ಇನ್ನು ಮಲಗೋಣ ಎಂಬಂತಿತ್ತು.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಹೆದರಿಕೆ ಯಾವಾಗ ಇಳಿದುಹೋಯಿತೋ ತಿಳಿಯಲಿಲ್ಲ.

ಬೇಕಾದರೆ ಫೋನಿಗೆ ಹಾಕಿಕೊಡುತ್ತೇನೆ ಎಂದಳು ಅಮೃತ. ನಾಗಮಣಿಯ ಕೈ ತಾನಾಗಿಯೇ ಚೀಲದೊಳಗಿನ ಫೋನಿಗೆ ಹೋಯಿತು. ಮನೆಗೆ ಒಯ್ದರೆ ದಿನಾ ಕೇಳಬಹುದು, ಅವನಿಲ್ಲದ ಮನೆಯಲ್ಲಿ ಅವನ ದನಿ. ಆಮೇಲೆ ಫೋನನ್ನು ಅಲ್ಲೇ ಬಿಟ್ಟು ಚೀಲದ ಬಾಯಿ ಮುಚ್ಚಿದಳು.

"ಬ್ಯಾಡ ಕಣಮ್ಮ. ಎಲ್ಲಾನೂ ಅಳಿಸ್ಬುಡು. ನಾನು ಇಟ್ಕೊಂಡ್ರೆ ಅವ್ರು ಹೂಂಗುಟ್ತಾ ಎದ್ದೇ ಕೂತಿರ್ಬೇಕಾಯ್ತದೆ. ದುಡ್ದು ದಣಿದ ಜೀವ, ಮಲಿಕೊಳ್ಳಲಿ."

ಅಮೃತ ತನ್ನ ಸಂಶೋಧನೆಯ ಮಾತೆತ್ತಲಿಲ್ಲ. ಕಣ್ಣೊರೆಸಿಕೊಂಡು ಅಳಿಸಿದಳು.

ಮೆಟ್ಟಿಲಿಳಿದು ಬಂದಾಗ ಅಂಬರೀಶ್ ಕರವಸ್ತ್ರ ತಲೆಗೆ ಹಾಕಿಕೊಂಡು ನಿಂತಿದ್ದ. ಅವಳ ಕೆಂಪು ಕಣ್ಣು ನೋಡಿ ಅವನ ಮುಖ ಸಣ್ಣದಾಯಿತು. ಕೇಳಬೇಕೋ ಬೇಡವೋ ಎಂದು ಒದ್ದಾಡಿ, ಬಸ್‌ಸ್ಟ್ಯಾಂಡಿನವರೆಗೆ ಬಿಡಲೇ ಎಂದು ಮಾತ್ರ ಕೇಳಿದ. ಗುತ್ತಲಿನಲ್ಲಿ ಅವಳ ಗಂಡನ ಕಡೆಯವರದೇ ನಾಲ್ಕು ಮನೆಗಳಿದ್ದವು. ಒಂದು ಜಗಲಿಯಿಂದ ಆಗಲೇ ಎರಡು ತಲೆ ಈ ಕಡೆ ತಿರುಗಿದ್ದವು.

"ಬಸ್ಸು ಯಾಕೆ?" ಎಂದಳು ನಾಗಮಣಿ, ಜಗಲಿಗೂ ಕೇಳುವ ಹಾಗೆ. "ಊರ್ಗಂಟ ನಿಮ್ ಗಾಡೀಲೇ ಬತ್ತೀನಿ. ಮದ್ದೂರಿಗೆ ನಾಳೆ ಓಗ್ಬ್ಯಾಡಿ. ನಂಗೆ ನೀವು ಬೇಕು."

ಅಂಬರೀಶ್ ತಲೆಯ ಕರವಸ್ತ್ರ ಜೇಬಿಗೆ ತುರುಕಿ ಸ್ಕೂಟರು ಚಾಲೂ ಮಾಡಿದ. ಅವಳು ಸ್ಕೂಟರು ಹತ್ತಿ ಕೂತು, ಎಲ್ಲರೂ ನೋಡುತ್ತಿದ್ದಂತೆ ಅವನ ಹೆಗಲ ಮೇಲೆ ಕೈಯಿಟ್ಟಳು. ಬಿಸಿಲಿಗೆ ಆ ಹೆಗಲು ಸುಡುತ್ತಿತ್ತು.