ನವಿಲುಬಂಡಿಯ ಹೊಟ್ಟೆಯ ಹಾವು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಕೆಂಡಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮೂರು ಉಗಿಬಂಡಿಗಳಿದ್ದವು. ಮಾಡಿಕೊಟ್ಟವನು ಮಸಿಗಣ್ಣನೆಂಬ ಮಾಂತ್ರಿಕ. ಮೂರಕ್ಕೂ ನವಿಲುಬಣ್ಣದ ತಗಡಿನ ಹೊದಿಕೆ. ಕಣ್ತುಂಬ ನೋಡಬಹುದು, ಬಿಚ್ಚಿ ನೋಡಕೂಡದು. ಅದು ಅವನ ಕರಾರು. ಒಳಗೇನಿದೆ ಎಂದು ತೋರಿಸದ ಸರಕನ್ನು ಕೊಂಡದ್ದೇ ರಾಜನ ತಪ್ಪು.

ಘಟ್ಟ ಹತ್ತುವಾಗೆಲ್ಲ ಚಕ್ರ ಜಾರುತ್ತಿತ್ತು, ಎಣ್ಣೆ ಸೋರಿ ಬೆಂಕಿ ಹತ್ತುತ್ತಿತ್ತು. ಮೂರನೆಯ ಬಂಡಿ ಓಡಿಸುವವಳು ದ್ಯಾವಕ್ಕ. ಅವಳು ಹೊರಟಾಗೆಲ್ಲ ತಮ್ಮ ಬೀರಣ್ಣನ ಎದೆ ಡವಗುಟ್ಟುತ್ತಿತ್ತು. ಅವನು ಕಮ್ಮಾರ.

“ಇವನ್ನ ಗುಜರಿಗೆ ಹಾಕಿ ಹೊಸಾವು ತರೋಣ,” ಎಂದ ರಾಜ.

“ಬಾಯ್ಲರ್ ಗಟ್ಟಿ, ಚಕ್ರ ಗಟ್ಟಿ. ಕೆಟ್ಟಿರೋದು ಹೊಟ್ಟೆ ಒಂದೇ, ಬುದ್ಧಿ. ಬಿಚ್ಚಿ ಕಟ್ಟಿಕೊಡ್ತೀನಿ,” ಎಂದ ಬೀರಣ್ಣ.

ರಾಜ ಕರಾರು ಬದಿಗಿಟ್ಟು ಒಪ್ಪಿದ ಮೇಲೆ ಅವನು ಮೊದಲ ಬಂಡಿಯ ಹೊದಿಕೆ ಕಿತ್ತ. ಎಣ್ಣೆತೊಟ್ಟಿಯಲ್ಲಿ ಸರಪಳಿಯಂಥ ಹಾವು ಸುತ್ತಿಕೊಂಡಿತ್ತು. ಉಗಿ ಬಿಡುವುದೂ ತಡೆಯುವುದೂ ಅದರ ಇಷ್ಟ. ಇಕ್ಕಳದಲ್ಲಿ ಹಿಡಿದು ಕುಲುಮೆಗೆ ಹಾಕಿದ. ಅದರ ಕೆಲಸಕ್ಕೆ ಕಬ್ಬಿಣದ ಸರಳುಗಳನ್ನು ಹೊರಗಡೆಯೇ, ಎಲ್ಲರಿಗೂ ಕಾಣುವಂತೆ ಕೂರಿಸಿದ.

ಎರಡನೆಯ ಹಾವು ಮಾತಾಡಿತು. “ನಾನಿಲ್ದೆ ಇದು ಒಂದು ಹೆಜ್ಜೆ ಇಡಲ್ಲ, ಬೀರಾ.” ಆದರೂ ಕುಲುಮೆಗೆ ಹಾಕಿದ.

ಮೂರನೆಯದಕ್ಕೆ ರಾಣಿಯೇ ಅಡ್ಡ ನಿಂತಳು. “ನನ್ನ ನವಿಲನ್ನೂ ಬೋಳಿಸ್ತೀಯಾ? ಎರಡು ಬೋಳುಬಂಡಿ ಸಾಲದಾ?”

“ಘಟ್ಟದ ಮೇಲೆ ಗುಡ್ಡದೂರಲ್ಲಿ ಅಕ್ಕಿ ಮುಗಿದಿದೆ, ನಾನು ಹೊರಟೆ,” ಎಂದು ದ್ಯಾವಕ್ಕ ಅಕ್ಕಿ ತುಂಬಿದ ನವಿಲುಬಂಡಿ ಹತ್ತಿ, ತಮ್ಮನ ಕಡೆ ತಿರುಗಿದಳು. “ಮುಖ ನೋಡು ಇವಂದು! ಸುಮ್ನಿರೋ, ಪುಕ್ಕಲ.”

ಮಧ್ಯಾಹ್ನ ಘಟ್ಟದ ಮೇಲೆ ಕರಿಹೊಗೆ ಎದ್ದಿತು. ನವಿಲುಬಂಡಿ ಹಿಂದಕ್ಕೆ ಜಾರುತ್ತಿತ್ತು. ಬೀರಣ್ಣ ಮೊದಲ ಬೋಳುಬಂಡಿ ಹತ್ತಿ ಅದೇ ಹಳಿಯ ಮೇಲೆ ಓಡಿಸಿದ. ಅದರ ಸರಳುಗಳನ್ನು ಒಂದೇ ಬಂಡಿಯ ಭಾರಕ್ಕೆಂದು ಕಟ್ಟಿದ್ದು. ಎರಡರ ಭಾರ ತಡೆದೀತೇ? ತಡೆಯದಿದ್ದರೆ ಅಕ್ಕನೂ ಇಲ್ಲ, ತಾನೂ ಇಲ್ಲ.

ಡಿಕ್ಕಿಯಾಗದಂತೆ ತಾನೂ ಹಿಂದೆ ಸರಿಯುತ್ತ, ಜಾರಿಬರುವ ಬಂಡಿಯನ್ನು ಮೆಲ್ಲಗೆ ಮೂತಿಗೆ ಆನಿಸಿಕೊಂಡ. ಆಮೇಲೆ ಉಗಿ ಬಿಟ್ಟ. ಸರಳುಗಳು ನರಳಿದವು. ಬಾಗಿದವು. ಮುರಿಯಲಿಲ್ಲ. ಪ್ರಪಾತದ ತಿರುವಿನಲ್ಲಿ ಎರಡೂ ನಿಂತವು.

“ಅಕ್ಕಾ, ಇದ್ದೀಯಾ?”

“ಮಾತು ಆಮೇಲೆ. ಇಕ್ಕಳ ಕೊಡೋ!”

ದ್ಯಾವಕ್ಕ ಕಲ್ಲಿದ್ದಲ ಸಲಿಕೆಯಿಂದಲೇ ನವಿಲುತಗಡನ್ನು ಸೀಳಿ, ಒಳಗಿನ ಹಾವನ್ನು ಇಕ್ಕಳದಲ್ಲಿ ಎಳೆದು ಬೆಂಕಿಗೂಡಿಗೆ ತುರುಕಿದಳು. ಅದಕ್ಕೆ ಮಸಿಗಣ್ಣನ ಮುಖ ಬಂತು. “ಮುಚ್ಚಿ! ಮುಚ್ಚಿ!” ಎಂದು ಕಿರುಚಿ, ಹೊಗೆಯಾಗಿ ಚಿಮಣಿಯಿಂದ ಹಾರಿಹೋಯಿತು. ಹಾವುಗಳಲ್ಲೇ ಜೀವ ಬಚ್ಚಿಟ್ಟಿದ್ದ ಮಾಂತ್ರಿಕ ಅಲ್ಲಿಗೆ ಮುಗಿದ.

ಬೀರಣ್ಣನ ಬಂಡಿ ಅಕ್ಕಿಯನ್ನೂ ಅಕ್ಕನನ್ನೂ ಮೇಲಕ್ಕೆ ತಳ್ಳಿತು. ಸಂಜೆಗೆ ಗುಡ್ಡದೂರಿನ ಒಲೆಗಳೆಲ್ಲ ಹೊತ್ತಿದವು. ಮೂರನೆಯದನ್ನೂ ಕಟ್ಟಿ ಮುಗಿಸಿದ ಮೇಲೆ ರಾಣಿಯೇ ಅದರಲ್ಲಿ ಕೂತು ಘಟ್ಟ ಹತ್ತಿ, ಅಲ್ಲಿಯವರ ಜೊತೆ ಉಂಡು ಬಂದಳು. ಮುಂದೆ ಕೆಂಡಗಿರಿಯಲ್ಲಿ ಬಂಡಿ ಸುಡಲಿಲ್ಲ, ಜನ ಹಸಿಯಲಿಲ್ಲ. ಎಲ್ಲರೂ ನೆಮ್ಮದಿಯಾಗಿ ಬಾಳಿದರು.