ಅರವತ್ತು ಸೆಂಟ್ ದಾಟಿದರೆ ಸೋಲು

ಏಪ್ರಿಲ್ ಇಪ್ಪತ್ತೊಂದು, ಸೋಮವಾರ ಬೆಳಿಗ್ಗೆ ಕ್ಲೀವ್‌ಲ್ಯಾಂಡಿನ ಪೂರ್ವ ಭಾಗದ ಠಾಣೆಗೆ ಬಾಸ್ಕೆಟ್‌ಬಾಲ್ ಅಭಿಮಾನಿ ಸಂಘದ ಅಧ್ಯಕ್ಷೆ ಡೊರೀಥಾ ಪ್ಯಾಟನ್ ತಂಡದ ಜೆರ್ಸಿ ತೊಟ್ಟೇ ಬಂದು ದೂರು ಕೊಟ್ಟರು. ಗುರುವಾರ ಹೊರ ಊರಿನ ಪಂದ್ಯಕ್ಕೆ ಹೋಗಲು ಕೂಡಿಸಿಟ್ಟಿದ್ದ ಬಸ್ಸಿನ ಹಣ, ನಾಲ್ಕು ಸಾವಿರ ಡಾಲರ್, ಸಂಘದ ಖಾತೆಯಿಂದ ಮಾಯವಾಗಿತ್ತು. ಸಂಜೆಯೊಳಗೆ ಕಟ್ಟದಿದ್ದರೆ ಬಸ್ಸು ಬೇರೆಯವರ ಪಾಲು.

“ಶನಿವಾರ ನಮ್ಮ ತಂಡ ಸೋತಿದ್ದೇ ಸಾಕಾಗಿತ್ತು. ಈಗ ಇದು ಬೇರೆ.”

“ಯಾರ ಮೇಲಾದ್ರೂ ಅನುಮಾನ?” ಡಿಟೆಕ್ಟಿವ್ ಸಾರ್ಜೆಂಟ್ ಲುವೆನಿಯಾ ಟಿಬ್ಸ್ ಕೇಳಿದರು.

“ಖಜಾಂಚಿ ಸ್ಟಾನ್ ಗ್ರಬಾರ್ ಒಬ್ಬನನ್ನ ಬಿಟ್ಟು ಯಾರ ಮೇಲೆ ಬೇಕಾದ್ರೂ. ಅವನು ದೇವರಂಥವನು. ತಲೆ ಸ್ವಲ್ಪ ಕೆಟ್ಟಿರೋ ದೇವರು.”

ದೂರು ದಾಖಲಾಯಿತು. ಮಧ್ಯಾಹ್ನ ಬ್ಯಾಂಕಿನಿಂದ ಉತ್ತರ ಬಂತು: ಹಣ ಹೋದದ್ದು ಒಂದು ಪ್ರಿಡಿಕ್ಷನ್ ಮಾರ್ಕೆಟ್ಟಿಗೆ, ಅಂದರೆ ಮುಂದೇನಾಗುತ್ತದೆ ಎಂಬ ಊಹೆಯ ಮೇಲೆ ಹಣ ಹಾಕುವ ಆನ್‌ಲೈನ್ ಪೇಟೆಗೆ; ಕಳಿಸಿದ್ದು ಸ್ಟಾನ್.

“ಅಂದ್ರೆ ಜೂಜು?” ಟಿಬ್ಸ್ ಕೇಳಿದರು.

ಗಸ್ತಿನ ಪೊಲೀಸ್ ಪಾವ್ಲಿಕ್‌ಗೆ ಅದರ ಪರಿಚಯ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. “ಇಲ್ಲಿ ದರ ಹಾಕೋ ಯಜಮಾನ ಇಲ್ಲ ಮೇಡಂ. ‘ಗೆಲ್ತಾರೆ’ ಅನ್ನೋ ಚೀಟಿ ಒಬ್ಬ ಕೊಂಡ್ರೆ ‘ಸೋಲ್ತಾರೆ’ ಅನ್ನೋದನ್ನ ಇನ್ನೊಬ್ಬ ಕೊಳ್ಳಬೇಕು. ಎರಡೂ ಸೇರಿ ಒಂದು ಡಾಲರ್, ಅಂದ್ರೆ ನೂರು ಸೆಂಟ್. ಯಾರ ಮಾತು ನಿಜ ಆಗುತ್ತೋ ಅವನಿಗೆ ಪೂರ್ತಿ ಡಾಲರ್, ಇನ್ನೊಬ್ಬನಿಗೆ ಸೊನ್ನೆ. ಶನಿವಾರ ‘ನಮ್ಮೋರು ಗೆಲ್ತಾರೆ’ ಅನ್ನೋ ಚೀಟಿ ಅರವತ್ನಾಲ್ಕು ಸೆಂಟ್ ಇತ್ತು. ಅಂದ್ರೆ ಗೆಲ್ಲೋ ಸಾಧ್ಯತೆ ನೂರಕ್ಕೆ ಅರವತ್ನಾಲ್ಕು ಅಂತ ಜನರ ಲೆಕ್ಕ.”

“ಸ್ಟಾನ್ ಕೊಂಡಿದ್ದು?”

ಪಾವ್ಲಿಕ್ ತಲೆ ತಗ್ಗಿಸಿದ. “ಸೋಲ್ತಾರೆ.”

ಸ್ಲೊವೇನಿಯನ್ ಸಮುದಾಯ ಭವನದ ಬಾರಿನಲ್ಲಿ ಸ್ಟಾನ್ ಸಿಕ್ಕಿದ. ಮುಂದಿದ್ದ ಬಿಯರ್ ಮುಟ್ಟಿರಲಿಲ್ಲ. ಫೋನು ವಶಪಡಿಸಿಕೊಂಡು ಅದರ ವಿವರ ಬರೆಯುವಾಗ ಸಾಕ್ಷಿಗೆ ಕರೆದ ಗಿರಾಕಿಗಳಿಬ್ಬರೂ ಪರದೆಯಲ್ಲಿ ‘ಸೋಲು’ ಎಂಬುದನ್ನು ನೋಡಿ, ಸಹಿ ಹಾಕಿ, ಅವನಿಂದ ದೂರ ಹೋಗಿ ಕುಳಿತರು.

“ತಂಡ ಸೋಲಲಿ ಅಂತ ದುಡ್ಡು ಹಾಕಿದ್ರಾ?” ಟಿಬ್ಸ್ ಕೇಳಿದರು.

“ಅಯ್ಯೋ, ಗೆಲ್ಲಲಿ ಅಂತ! ಈ ಊರಲ್ಲಿ ಪಂದ್ಯಕ್ಕೆ ಮುಂಚೆ ‘ಗೆಲ್ತೀವಿ’ ಅಂತ ಯಾರಾದ್ರೂ ಬಾಯಿ ಬಿಡ್ತಾರಾ? ಹಾಗಂದ್ರೆ ಮುಗೀತು, ಸೋಲೇ. ಆ ಗೆಲುವಿನ ಚೀಟಿ ದರ ಅರವತ್ತು ಸೆಂಟ್ ದಾಟಿದಾಗೆಲ್ಲ ಸೋತಿದೀವಿ. ಇಳಿಸೋಣ ಅಂತ ಸೋಲಿನ ಚೀಟಿ ಕೊಂಡೆ. ಅದು ಏರಿದ್ರೆ ಗೆಲುವಿನದು ಇಳಿಯುತ್ತಲ್ಲ.”

“ಇಳೀತಾ?”

“ಮೂರು ಸೆಂಟ್. ಐದು ನಿಮಿಷ. ಗೆಲುವಿನ ಚೀಟಿ ಅಗ್ಗವಾಯ್ತು ಅಂತ ಯಾರೋ ದರಿದ್ರದೋರು ಕೊಂಡು ಮತ್ತೆ ಏರಿಸಿಬಿಟ್ರು.”

“ಅದು ಜನರ ಅಂದಾಜು ಕಣ್ರೀ. ಥರ್ಮಾಮೀಟರ್ ಇಳಿಸಿದ್ರೆ ಜ್ವರ ಇಳಿಯುತ್ತಾ?”

“ಸೋತ್ವಲ್ಲ! ಇನ್ನೇನು ಸಾಕ್ಷಿ ಬೇಕು?”

ಸೋತಿದ್ದರಿಂದಲೇ ಅವನ ಚೀಟಿಗಳಿಗೆ ಹತ್ತು ಸಾವಿರ ಡಾಲರ್‌ಗೂ ಮೇಲೆ ಬಂದಿತ್ತು. ಅವನು ಅದನ್ನು ಮುಟ್ಟಿರಲಿಲ್ಲ. ಅವನನ್ನು ಠಾಣೆಗೆ ಕರೆತಂದರು; ಹಣದ ಸುದ್ದಿ ತಿಳಿದು ಡೊರೀಥಾ ಓಡಿಬಂದರು.

“ಸ್ಟಾನ್, ನನ್ನ ಬಂಗಾರ! ಮೇಡಂ, ದೂರು ವಾಪಸ್.”

“ಬೇಡ, ನನ್ನನ್ನ ಒಳಗೆ ಹಾಕಿ,” ಎಂದ ಸ್ಟಾನ್. “ನಮ್ಮೋರು ಸೋತು ಬಂದ ದುಡ್ಡಲ್ಲಿ ನಮ್ಮೋರ ಆಟ ನೋಡೋಕೆ ಹೋಗ್ತೀರಾ? ಥೂ!”

“ಬಸ್ಸಿಗೆ ಅದೆಲ್ಲ ಗೊತ್ತಾಗಲ್ಲ ಬಿಡು.”

ಸಂಘದ ನಾಲ್ಕು ಸಾವಿರ ಮರಳಿತು, ಬಸ್ಸು ಉಳಿಯಿತು. ಮಿಕ್ಕ ಹಣ ನ್ಯಾಯಾಲಯಕ್ಕೆ ಬಿಟ್ಟದ್ದು. ದೂರು ವಾಪಸಾದರೂ ಕಳವು ಕಳವೇ; ಸಂಜೆ ಆರಕ್ಕೆ ಸ್ಟಾನ್‌ನನ್ನು ಬಂಧಿಸಲಾಯಿತು.

ವರದಿಯಲ್ಲಿ ಉದ್ದೇಶ ಎಂಬಲ್ಲಿ ಟಿಬ್ಸ್ ‘ಲಾಭ’ ಎಂದು ಬರೆದು ಹೊಡೆದು ಹಾಕಿದರು. ಹುಟ್ಟಿದಾಗಿನಿಂದ ಪ್ರತಿ ಪಂದ್ಯಕ್ಕೂ ಮುಂಚೆ ‘ಇವತ್ತು ಸೋಲ್ತೀವಿ’ ಎಂದು ಗೊಣಗಿ ತಂಡವನ್ನು ಸೋಲಿನಿಂದ ಕಾಯುತ್ತಿದ್ದ ಮನುಷ್ಯ. ಈ ಸಲ ಇಡೀ ದೇಶ ಒಟ್ಟಿಗೆ ‘ಗೆಲ್ತಾರೆ’ ಎಂದಾಗ ಅವನೊಬ್ಬನ ಗೊಣಗು ಯಾರಿಗೂ ಕೇಳಿಸಿರಲಿಲ್ಲ.