ಮರಳಿ ಬರುತ್ತಿದ್ದ ಮೇಲ್‌ಗಳು

"ಆ ಮೋಸದ ಮೇಲ್ ನಾ ಕಳಿಸಿಲ್ರಿ ಅಕ್ಕಾರ. ನನ್ನ ನಂಬ್ರಿ," ಎಂದಳು ಸುನೀತಾ. ಶಾಂತಕುಮಾರಿಯವರ ಬಾಗಿಲಲ್ಲೇ ನಿಂತಿದ್ದಳು.

ರಾಯದುರ್ಗದ ಬಸಲಿಂಗಮ್ಮನವರ ಜೀನ್ಸ್ ಕಾರ್ಖಾನೆಯಲ್ಲಿ ಆಫೀಸು ನೋಡಿಕೊಳ್ಳುವವಳು ಅವಳು. ಸೈಬರ್ ಪೊಲೀಸ್ ಕೆಲಸ ಬಿಟ್ಟು ಊರಿಗೆ ಬಂದಿದ್ದ ಶಾಂತಕುಮಾರಿಯವರನ್ನು ಹುಡುಕಿಕೊಂಡು ಇಂಥವರು ಬರುತ್ತಿದ್ದರು. ಪಕ್ಕದ ಮನೆಯ ನಾನು ಸದಾ ಅವರ ಜೊತೆಗಿರುತ್ತಿದ್ದೆ.

ಕಾರ್ಖಾನೆಯ ಮೇಲ್‌ಗಳೆಲ್ಲ ವಾರದಿಂದ ಮರಳಿ ಬರುತ್ತಿದ್ದವು. ನಿಮ್ಮಲ್ಲಿಂದ ಮೋಸದ ಮೇಲ್ ಬರುತ್ತಿವೆ, ಕಳ್ಳರ ಜೊತೆ ವ್ಯಾಪಾರ ಬೇಡವೆಂದು ಚೆನ್ನೈನ ಗಿರಾಕಿ ಹೇಳಿಬಿಟ್ಟಿದ್ದ. ಆರ್ಡರ್ ತಪ್ಪಿದರೆ, ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಬಂದಿದ್ದ ಹೆಂಗಸರೆಲ್ಲ ಮತ್ತೆ ಬಸ್ಸು ಹತ್ತಬೇಕಿತ್ತು.

ಮರಳಿ ಬಂದ ಒಂದು ಮೇಲ್ ಅನ್ನು ಶಾಂತಕುಮಾರಿ ಓದಿದರು. "ನಿಮ್ಮ ಇಂಟರ್‌ನೆಟ್ ವಿಳಾಸ ಸ್ಪ್ಯಾಮ್ ಕಪ್ಪುಪಟ್ಟಿಗೆ ಬಿದ್ದದ, ಅದಕ್ಕ ನಿಮ್ಮ ಮೇಲ್ ಮರಳಿ ಬರ್ತಾವ. ನಿಮ್ಮ ಲೈನಿನಿಂದಲೇ ಯಾರೋ ಮೋಸದ ಮೇಲ್ ಹಂಚ್ತಾರ."

"ಅಲ್ಲಿರೋದು ನಂದೊಂದೇ ಕಂಪ್ಯೂಟರ್ ರೀ. ಸಂಜೀಗೆ ಬಸಲಿಂಗಮ್ಮನವರು ನನ್ನ ಮ್ಯಾಲೆ ಪೊಲೀಸರಿಗೆ ಕಂಪ್ಲೇಂಟ್ ಕೊಡ್ತಾರಂತ."

ಕಾರ್ಖಾನೆಗೆ ಹೋದೊಡನೆ ಶಾಂತಕುಮಾರಿ ಆ ಕಂಪ್ಯೂಟರಿನ ಪ್ಲಗ್ ಕಿತ್ತರು. ಎಲ್ಲರ ಫೋನಿನ ವೈಫೈ ನಿಲ್ಲಿಸಿದರು. ಆದರೂ ವೈಫೈ ಡಬ್ಬಿಯ ದೀಪ ಬಿಡದೆ ಮಿನುಗುತ್ತಿತ್ತು. ಕಣ್ಣಿಗೆ ಕಾಣದ ಯಾರೋ ನಮ್ಮ ನಡುವೆಯೇ ಕೂತು ಕೆಲಸ ಮಾಡುತ್ತಿದ್ದಂತೆ ನನಗನಿಸಿತು.

ಕೋಣೆಕೋಣೆ ಹುಡುಕುತ್ತ ಗೋದಾಮಿಗೆ ಬಂದೆವು. ಬೀಗ ತೆಗೆದವನು, ಅದರ ಕೈ ಇಟ್ಟುಕೊಂಡಿದ್ದ ಕಟಿಂಗ್ ಮಾಸ್ಟರ್ ಕದರಪ್ಪ. ಜೇಬಿನಲ್ಲಿ ಫೋನ್ ರಿಂಗಾದಾಗಲೆಲ್ಲ ಬೆಚ್ಚುತ್ತಿದ್ದ, ಎತ್ತುತ್ತಿರಲಿಲ್ಲ. ಒಳಗೆ ಚಳಿ. ಮೂಲೆಯ ಬಟ್ಟೆ ಗಂಟಿನ ಮೇಲೆ ಮಾತ್ರ ಬೆಕ್ಕೊಂದು ಹಾಯಾಗಿ ಮಲಗಿತ್ತು. ಶಾಂತಕುಮಾರಿ ಅಲ್ಲಿ ಅಂಗೈ ಇಟ್ಟು ನೋಡಿ, ಎಲ್ಲರನ್ನೂ ಗೋದಾಮಿಗೇ ಕರೆದರು.

"ಸುನೀತಾನ ಕಂಪ್ಯೂಟರ್ ಬಂದಾದ ಮ್ಯಾಲೂ ಲೈನ್ ಓಡ್ತಿತ್ತು. ಅಂದಮ್ಯಾಲೆ ಇನ್ನೊಂದು ಯಂತ್ರ ಅದ. ಹಗಲೂ ರಾತ್ರಿ ಓಡೋ ಯಂತ್ರ ಬಿಸಿ ಇರ್ತದ. ಚಳಿಯಾಗ ಬೆಕ್ಕು ಬಿಸಿ ಜಾಗ ಹುಡುಕ್ಯದ." ಗಂಟು ಸರಿಸಿದರು. ಹಿಂದೆ ಸಣ್ಣದೊಂದು ಕರಿಯ ಡಬ್ಬಿ ಗುಂಯ್‌ಗುಡುತ್ತಿತ್ತು. "ಗೋದಾಮಿನ ಬೀಗದ ಕೈ ಒಬ್ಬರ ಹತ್ರ. ಫೋನಿಗೆ ಅಂಜೋರೂ ಅವರೇ."

ಕದರಪ್ಪ ಕುಸಿದು ಕೂತ. "ಯಾರೋ ಬಂದು, ಸುಮ್ನ ಪ್ಲಗ್ ಹಾಕಿಡು, ಬಾಡಿಗಿ ಕೊಡ್ತೀವಿ ಅಂದ್ರು. ಮೋಸದ ಡಬ್ಬಿ ಅಂತ ತಿಳಿದ ಮ್ಯಾಲೆ ತಗೀತೀನಿ ಅಂದೆ. ನನ್ನ ಮಗಳು ಹಾಸ್ಟೆಲಿನಿಂದ ಹೊರಗ ಬರೋ ಫೋಟೋ ಕಳಿಸಿ ಅಂಜಿಸಿದ್ರು."

ಬಸಲಿಂಗಮ್ಮನವರು ಸುನೀತಾಳ ಕೈ ಹಿಡಿದುಕೊಂಡರು.

ಶಾಂತಕುಮಾರಿ ಡಬ್ಬಿಯ ವೈರು ಕಿತ್ತರು. "ಕಪ್ಪುಪಟ್ಟಿಯಿಂದ ನಮ್ಮ ವಿಳಾಸ ತಗೀರಿ ಅಂತ ಅರ್ಜಿ ಹಾಕೋಣ. ಆಮ್ಯಾಲೆ ಮೇಲ್ ಹೋಗ್ತಾವ. ಆದ್ರ ಮೊದಲು ಹಾಸ್ಟೆಲಿಗೆ ಪೊಲೀಸರನ್ನ ಕಳಿಸ್ಬೇಕು."

ಅಷ್ಟರಲ್ಲಿ ಕದರಪ್ಪನ ಫೋನ್ ರಿಂಗಾಯಿತು. ಡಬ್ಬಿ ಇಡಿಸಿದವರಿಗೆ ಅದು ನಿಂತದ್ದು ಆಗಲೇ ಗೊತ್ತಾಗಿತ್ತು. ಅವನು ಮುಖ ಮುಚ್ಚಿಕೊಂಡ. ಶಾಂತಕುಮಾರಿ ಫೋನ್ ತೆಗೆದು ಕಿವಿಗಿಟ್ಟರು.

"ಹೇಳ್ರಿ," ಎಂದರು. "ಇನ್ನ ಮ್ಯಾಲೆ ನನ್ನ ಜೊತಿ ಮಾತಾಡ್ರಿ."